ನಿಲ್ಲಿಸಿ ನೋಡಿದ ನೇರಪ್ರಸಾರ

ಚಿತ್ರ ಮತ್ತೆ ನಿಂತಿತು. ಸುರಂಗದ ಬಾಯಿಯ ಮುಂದೆ ನಡೆಯುತ್ತಿದ್ದ ಕಿತ್ತಳೆ ಕೋಟಿನವನೊಬ್ಬ ಎತ್ತಿದ ಕಾಲು ಎತ್ತಿದಂತೆಯೇ ಉಳಿದ. ಪರದೆಯ ನಡುವೆ ಬಿಳಿ ಚಕ್ರ ಸುತ್ತತೊಡಗಿತು.

“ಬಂತಪ್ಪ ನಿನ್ನ ಚಕ್ರ,” ಎಂದಳು ಅಮ್ಮ, ಅದನ್ನು ಮಗಳೇ ಎಲ್ಲಿಂದಲೋ ಹಿಡಿದು ತಂದು ಮನೆಯಲ್ಲಿ ಸಾಕಿಕೊಂಡಿದ್ದಾಳೇನೋ ಎಂಬಂತೆ.

“ನನ್ನ ಚಕ್ರ ಅಲ್ಲಮ್ಮ. ನೆಟ್ ಸ್ಲೋ ಇದೆ.”

“ಮತ್ತೆ ಅಂಗಡೀಲಿ ಇಡೀ ದಿನ ಅದೇನು ಕುಟ್ತೀಯ? ಒಂದು ಚಿತ್ರ ಓಡಿಸಕ್ಕೆ ಬರಲ್ವಾ?”

ಮಗಳು ಮೇಜಿನ ಕೆಳಗೆ ತಲೆ ತೂರಿಸಿದಳು. ಬೀದಿಗೆಲ್ಲ ಅವಳು ಜೆರಾಕ್ಸ್. ನಕಲು ತೆಗೆಯುವ, ಪಾಸ್‌ಪೋರ್ಟ್ ಫೋಟೊ ಅಚ್ಚು ಹಾಕುವ, ಪರೀಕ್ಷೆಯ ಅರ್ಜಿ ತುಂಬಿಕೊಡುವ ಅಂಗಡಿಗೆ ಅವಳು ಕೆಲಸಕ್ಕೆ ಸೇರಿದ ದಿನವೇ ಅಣ್ಣ ಆ ಹೆಸರು ಇಟ್ಟಿದ್ದ. ಈ ಕಂಪ್ಯೂಟರೂ ಅಂಗಡಿಯದೇ. ಅಲ್ಲಿ ದುಡಿದು ಸುಸ್ತಾದ ಮೇಲೆ ಮಾಲೀಕ ಅದನ್ನು ಅವಳ ತಲೆಗೆ ಕಟ್ಟಿದ್ದ. ಅದರ ಒಂದು ಬದಿಯ ಮುಚ್ಚಳ ಕಳೆದುಹೋಗಿತ್ತು. ಒಳಗಿನ ಫ್ಯಾನು ಮುದುಕರು ಗಂಟಲು ಸರಿಮಾಡಿಕೊಂಡಂತೆ ಆಗಾಗ ಸದ್ದು ಮಾಡುತ್ತಿತ್ತು. ಜೆರಾಕ್ಸ್ ಹಿಂಬದಿಯ ವೈರುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಸಡಿಲವಾದದ್ದು ಯಾವುದೂ ಇರಲಿಲ್ಲ. ವೈರು ಸಡಿಲವಾಗಿದ್ದರೆ ಚೆನ್ನಾಗಿತ್ತು ಅನಿಸಿತು.

ಅಣ್ಣ ಸುರಂಗದೊಳಗೆ ದೀಪಕ್ಕೆ ವೈರು ಎಳೆಯುವ ಎಲೆಕ್ಟ್ರಿಷಿಯನ್. ಬೆಟ್ಟವೊಂದನ್ನು ಕೊರೆದು ರೈಲಿಗೆ ದಾರಿ ಮಾಡುವ ಕೆಲಸ. ಹೋದ ವಾರ ಸುರಂಗದ ನಡುಭಾಗ ಕುಸಿದು ಅವನೂ ಅವನ ಜೊತೆಯವರೂ ಆಚೆ ಬದಿಯಲ್ಲಿ ಸಿಕ್ಕಿಕೊಂಡಿದ್ದರು. ಮಣ್ಣಿನ ರಾಶಿಯೊಳಗೆ ತೂರಿಸಿದ ಒಂದು ಸಣ್ಣ ಪೈಪಿನಲ್ಲಿ ಅವರಿಗೆ ಗಾಳಿ, ನೀರು, ತಿನ್ನಲು ಒಂದಿಷ್ಟು ಹೋಗುತ್ತಿತ್ತು. ಪಕ್ಕದಲ್ಲೇ ಮನುಷ್ಯ ತೆವಳಿ ಬರುವಷ್ಟು ಅಗಲದ ಇನ್ನೊಂದು ಪೈಪನ್ನು ಯಂತ್ರವೊಂದು ಗುಕ್ಕು ಗುಕ್ಕಾಗಿ ಒಳಗೆ ನೂಕುತ್ತಿತ್ತು. ಮನೆಯವರೆಲ್ಲ ಹೋಗಿ ಬಾಗಿಲಲ್ಲಿ ನಿಂತರೆ ಕೆಲಸ ಕೆಡುತ್ತದೆ ಎಂದು ಕಂಪನಿಯವರು ಒಂದು ಕಂಬಕ್ಕೆ ಕ್ಯಾಮೆರಾ ಕಟ್ಟಿ, “ಯಾರೂ ಬರಬೇಡಿ, ಎಲ್ಲವನ್ನೂ ನೇರವಾಗಿ ತೋರಿಸುತ್ತೇವೆ” ಎಂದಿದ್ದರು. ಈ ದಿನ ಅಗಲದ ಪೈಪು ಆಚೆ ತಲುಪಬಹುದು, ತಲುಪಿದರೆ ಒಬ್ಬೊಬ್ಬರನ್ನಾಗಿ ಹೊರಗೆ ತರುತ್ತಾರೆ ಎಂದು ಬೆಳಗ್ಗೆ ಸುದ್ದಿಯಾಗಿತ್ತು.

ಅದಕ್ಕೇ ಅಮ್ಮ ಬೆಳಗಾಗುತ್ತಲೇ ತಲೆ ಬಾಚಿಕೊಂಡು ಬಂದು ಪರದೆಯ ಮುಂದೆ ಕೂತಿದ್ದಳು. ಅತ್ತಿಗೆ ಅವಳ ಹಿಂದೆ ಮಂಚದ ಅಂಚಿನಲ್ಲಿ, ಕಾಲು ನೆಲಕ್ಕೆ ತಾಗಿಯೂ ತಾಗದಂತೆ ಕೂತಿದ್ದಳು. ಅತ್ತಿಗೆ ಮಾತು ಕಡಿಮೆ ಮಾಡಿ ಎಷ್ಟೋ ದಿನವಾಗಿತ್ತು. ಹೋದ ಸಲ ಅಣ್ಣ ರಜೆ ಮುಗಿಸಿ ಹೊರಟಾಗ ಇಬ್ಬರಿಗೂ ಯಾವುದೋ ಕೆಲಸಕ್ಕೆ ಬಾರದ ವಿಷಯಕ್ಕೆ ಜಗಳವಾಗಿ, ಅವಳು ಬಾಗಿಲ ತನಕವೂ ಬಂದಿರಲಿಲ್ಲ.

“ಹೋಗ್ಲಿ, ಸ್ವಲ್ಪ ಬಿಟ್ಟು ಮುಂದಕ್ಕೆ ಹಾಕ್ಲಾ?” ಎಂದು ಜೆರಾಕ್ಸ್ ಕೇಳಿದಳು.

“ಏನೂ ಬಿಡ್ಬೇಡ,” ಅಮ್ಮ ಗದರಿದಳು. “ನೀನು ಬಿಟ್ಟಾಗ್ಲೇ ಅವನು ಹೊರಗೆ ಬಂದುಬಿಟ್ರೆ? ಒಬ್ಬರ ಮುಖಾನೂ ತಪ್ಪಬಾರದು ನಂಗೆ.”

ಸರಿ ಎಂದು ಜೆರಾಕ್ಸ್ ತನಗೆ ಗೊತ್ತಿದ್ದ ಮದ್ದುಗಳನ್ನೆಲ್ಲ ಒಂದೊಂದಾಗಿ ಮಾಡುತ್ತ ಬಂದಳು. ಕಂಪ್ಯೂಟರಿನ ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿದಳು. ಹಳೆಯ ಕಸ ಅಳಿಸಿದಳು. ಚಿತ್ರದ ಗುಣಮಟ್ಟ ಇಳಿಸಿದಳು. ಜನರ ಮುಖಗಳು ಕಲಸಿಹೋದವು. ಅಮ್ಮ “ಇದೇನು, ಎಲ್ಲರೂ ಒಂದೇ ತರ ಕಾಣ್ತಾರೆ” ಎಂದಾಗ ಮತ್ತೆ ಒಂದು ಮೆಟ್ಟಿಲು ಏರಿಸಿದಳು. ಪಕ್ಕದಲ್ಲಿ ಜನ ಸರಸರನೆ ಬರೆಯುತ್ತಿದ್ದ ಹರಟೆಯ ಸಾಲುಗಳನ್ನು ಮುಚ್ಚಿದಳು. ಅದರಿಂದ ಸ್ವಲ್ಪ ಹಗುರಾದೀತು ಎಂದು. ಅಲ್ಲಿ ಬರೆಯುತ್ತಿದ್ದವರಲ್ಲಿ ಅರ್ಧ ಜನ ಪ್ರಾರ್ಥನೆ ಮಾಡುತ್ತಿದ್ದರು, ಇನ್ನರ್ಧ ಜನ ತಮಾಷೆ ಮಾಡುತ್ತಿದ್ದರು. ಎರಡೂ ಬೇಡವಾಗಿತ್ತು ಅವಳಿಗೆ. ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿದಳು. ಈಗ ಬರೀ ಸುರಂಗ. ಕೆಳಗಿನ ಗೆರೆ, ಗುಂಡಿ, ಗಡಿಯಾರ ಯಾವುದೂ ಕಾಣದು.

ಅಮ್ಮನ ಫೋನನ್ನು ಆರಿಸಿ ಬೀರುವಿನಲ್ಲಿ ಇಟ್ಟದ್ದೂ ಅದೇ ಬೆಳಗ್ಗೆ. ಅದಕ್ಕೆ ಎರಡು ಕಾರಣ. ಅದು ಸುಮ್ಮನೆ ಕೂತಲ್ಲೇ ಮನೆಯ ನೆಟ್ಟನ್ನು ಹೀರುತ್ತಿತ್ತು; ಮತ್ತೆ ನೆಂಟರಿಷ್ಟರ ಕಾಟ. ದೊಡ್ಡಮ್ಮ ಬೆಳಗ್ಗೆ ಫೋನ್ ಮಾಡಿದವಳು ‘ಹಲೋ’ ಅನ್ನುವ ಮೊದಲೇ ಗೋಳೋ ಎಂದಿದ್ದಳು.

“ಇನ್ನೂ ಬದುಕಿರೋನಿಗೆ ಈಗಲೇ ಅಳ್ತಾಳಲ್ಲ ಇವಳು,” ಎಂದು ಅಮ್ಮನೇ ಫೋನನ್ನು ಮಗಳ ಕೈಗೆ ಎಸೆದಿದ್ದಳು. “ಆರಿಸು ಅತ್ಲಾಗೆ. ಕಂಪನಿಯವರು ಮಾಡಿದ್ರೆ ನಿನ್ನ ಫೋನಿಗೆ ಮಾಡ್ತಾರೆ.”

ಅದು ನಿಜ. ಕಂಪನಿಗೆ ಅಣ್ಣ ಮೊದಲು ಕೊಟ್ಟದ್ದು ತಂಗಿಯ ನಂಬರು, ಆಮೇಲೆ ಅಮ್ಮನದು. ಅಮ್ಮ ಕನ್ನಡಕ ಹುಡುಕಿ ಫೋನ್ ಎತ್ತುವ ಹೊತ್ತಿಗೆ ಅದು ಕಟ್ಟಾಗಿರುತ್ತಿತ್ತು. ಅತ್ತಿಗೆಗೆ ಸದ್ಯ ಫೋನೇ ಇರಲಿಲ್ಲ. ತನ್ನದು ಕೆಟ್ಟಿದೆ ಎಂದು ಅಣ್ಣ ಅವಳದನ್ನೇ ತೆಗೆದುಕೊಂಡು ಹೋಗಿದ್ದ.

ಇಷ್ಟೆಲ್ಲ ಮಾಡಿದ ಮೇಲೂ ಚಿತ್ರ ಹತ್ತು ಹೆಜ್ಜೆಗೊಮ್ಮೆ ಎಡವುತ್ತಿತ್ತು. ಆಗ ಅವಳು ಅಂಗಡಿಯಲ್ಲಿ ಮಾಡುವುದನ್ನೇ ಮಾಡಿದಳು. ತಡೆದ ಚಿತ್ರವನ್ನು ತಾನೇ ನಿಲ್ಲಿಸಿ, ಮುಂದಿನ ಚಿತ್ರ ಒಂದಿಷ್ಟು ಬಂದು ತುಂಬಿಕೊಳ್ಳುವ ತನಕ ಕಾದು, ಆಮೇಲೆ ಓಡಿಸುವುದು. ಬಾವಿ ಬತ್ತಿದರೆ ಒಸರು ಬರುವ ತನಕ ಹಗ್ಗ ಹಿಡಿದು ಕಾಯುವುದಿಲ್ಲವೇ, ಹಾಗೆ. ಇದು ಕೆಲಸ ಮಾಡಿತು. ಕಾದಷ್ಟೂ ಚಿತ್ರ ಚೆನ್ನಾಗಿ ಓಡುತ್ತಿತ್ತು.

ಅದು ಅಮ್ಮನ ಕಣ್ಣಿಗೆ ಬಿತ್ತು. ಅಮ್ಮ ಇಂಥದ್ದನ್ನು ಬೇಗ ಕಲಿಯುತ್ತಾಳೆ.

“ಹಂಗಾದ್ರೆ ನಿಲ್ಸು ಸ್ವಲ್ಪ. ನಾನು ಬಚ್ಚಲಿಗೆ ಹೋಗಿ ಬರ್ತೀನಿ.”

ಜೆರಾಕ್ಸ್ ನಿಲ್ಲಿಸಿದಳು. ಅಮ್ಮನ ಮಂಡಿಗೆ ಬಚ್ಚಲು ಎಂದರೆ ಒಂದು ಪ್ರಯಾಣ. ಬಂದ ಮೇಲೆ ಓಡಿಸಿದಳು. ಕಿತ್ತಳೆ ಕೋಟಿನವರು ನಿಂತಲ್ಲಿಂದಲೇ ನಡೆದರು.

“ಎಷ್ಟು ಚೆನ್ನಾಗಿದೆ ನೋಡೇ,” ಎಂದಳು ಅಮ್ಮ ಸೊಸೆಗೆ. “ಹಿಂದೆಲ್ಲ ಟೀವೀಲಿ ನಾವು ಎದ್ದು ಹೋದ್ರೆ ಹೋಯ್ತು. ಈಗ ನಮಗೋಸ್ಕರ ಕಾಯ್ತಾರೆ.”

ಹಾಗೆ ಅವರು ಊಟಕ್ಕೂ ನಿಲ್ಲಿಸಿದರು. ಮೂವರೂ ಅಡುಗೆಮನೆಯಲ್ಲಿ ನೆಲಕ್ಕೆ ಕೂತು, ಒಬ್ಬರ ತಟ್ಟೆ ಒಬ್ಬರು ನೋಡದೆ, ಗಂಟಲಿಗೆ ಇಳಿದಷ್ಟು ಇಳಿಸಿದರು. ಅತ್ತಿಗೆ ತಿನ್ನುವುದಿಲ್ಲ ಎಂದು ಹಟ ಹಿಡಿದಾಗ ಅಮ್ಮ ಬೈದು ತಿನ್ನಿಸಿದಳು. ಕೋಣೆಯಲ್ಲಿ ಸುರಂಗ ಅವರಿಗಾಗಿ ಬಾಯಿ ತೆರೆದುಕೊಂಡು ನಿಂತಿತ್ತು. ಜೆರಾಕ್ಸ್‌ಗೆ ಒಂದು ಗಳಿಗೆ ಏನೋ ಸರಿಯಿಲ್ಲ ಅನಿಸಿತು. ಆದರೆ ವಾರದಿಂದ ನಿದ್ದೆ ಕಾಣದ ತಲೆ ಅದು. ಗುಂಡಿ ಒತ್ತಿದರೆ ನಿಲ್ಲುತ್ತದೆ, ಒತ್ತಿದರೆ ಓಡುತ್ತದೆ ಎಂಬುದಕ್ಕಿಂತ ಆಚೆ ಅದು ಯೋಚಿಸಲಿಲ್ಲ.

ಊಟದ ಮೇಲೆ ಮನೆಯ ನೆಟ್ ಪೂರ್ತಿ ಹೋಯಿತು. ಬಾಗಿಲ ಮೇಲಿನ ಹಲಗೆಯಲ್ಲಿ ಕೂತ ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು. ಅವಳು ಕುರ್ಚಿ ಹತ್ತಿ ಅದನ್ನು ಆರಿಸಿ ಹಚ್ಚಿದಳು, ಮತ್ತೆ ಆರಿಸಿ ಹಚ್ಚಿದಳು. ಕೊನೆಗೆ ಕೇಬಲ್‌ನವನಿಗೆ ಫೋನ್ ಮಾಡಿದಳು.

“ರಸ್ತೆ ಅಗೀತಿದ್ದಾರೆ ಕಣಕ್ಕಾ, ವೈರ್ ಕಿತ್ತಿದೆ,” ಎಂದ ಅವನು. “ಸಂಜೆ ಆಗುತ್ತೆ.”

“ಸಂಜೆ ಆಗಲ್ಲಣ್ಣ. ನಮ್ಮಣ್ಣ ಸುರಂಗದಲ್ಲಿದ್ದಾನೆ.”

“ಅಯ್ಯೋ, ನಿಮ್ಮನೇದಾ ಅದು? ನೋಡ್ತೀನಕ್ಕಾ. ಆದ್ರೆ ವೈರ್ ಕಿತ್ತಿರೋದು ಕಿತ್ತಿದೆ.”

ಅವಳು ತನ್ನ ಫೋನಿನ ನೆಟ್ಟನ್ನೇ ಕಂಪ್ಯೂಟರಿಗೆ ಕೊಟ್ಟಳು. ಚಿತ್ರ ಬಿಟ್ಟಲ್ಲಿಂದ ಹಿಡಿದುಕೊಂಡಿತು. ಅಮ್ಮ “ಬದುಕಿದೆ” ಎಂದಳು. ಆದರೆ ಅಗಲದ ಪೈಪಿನ ಬಳಿ ಇಬ್ಬರು ಬಗ್ಗಿ ಏನೋ ನೋಡುತ್ತಿದ್ದ ಹೊತ್ತಿಗೇ ಫೋನು ಗುಯ್‌ಗುಟ್ಟಿತು. ಚಿಕ್ಕಪ್ಪ. ಅಂಗಡಿಯ ಹಳೆಯ ಫೋನು ಅದು. ಕರೆ ಬಂದರೆ ನೆಟ್ ಕಡಿದುಬೀಳುತ್ತಿತ್ತು. ಚಕ್ರ. ಅವಳು ಕರೆ ಕತ್ತರಿಸಿ ಚಿತ್ರ ಹಿಡಿಯುವಷ್ಟರಲ್ಲಿ ಇನ್ನೊಂದು ಕರೆ, ಯಾರೋ ಸಹಪಾಠಿ. ಮತ್ತೆ ಚಕ್ರ. ಮತ್ತೆ ಚಿಕ್ಕಪ್ಪ.

“ಇವರಿಗೆಲ್ಲ ಈಗಲೇ ಬರಬೇಕಾ ಕರುಣೆ?” ಅಮ್ಮ ತಲೆ ಚಚ್ಚಿಕೊಂಡಳು. “ಏನಾದ್ರೂ ಮಾಡೇ!”

ಇದಕ್ಕೂ ಅಂಗಡಿಯಲ್ಲಿ ಮದ್ದಿತ್ತು. ನೆಟ್ ಹೋದ ದಿನ ಅವರು ಪರೀಕ್ಷೆಯ ಅರ್ಜಿಗಳನ್ನು ಇದೇ ಫೋನಿನಿಂದ ಕಳಿಸುತ್ತಿದ್ದರು. ಅರ್ಜಿ ಹೋಗುವಾಗ ಕರೆ ಬಂದು ಕೆಡಬಾರದೆಂದು ಬಂದ ಕರೆಗಳನ್ನೆಲ್ಲ ಆರಿಸಿಟ್ಟ ಇನ್ನೊಂದು ನಂಬರಿಗೆ ತಿರುಗಿಸಿಬಿಡುತ್ತಿದ್ದರು. ಕರೆದವರಿಗೆ ಸ್ವಿಚ್ ಆಫ್ ಎಂದು ಕೇಳುತ್ತದೆ, ಇಲ್ಲಿ ಏನೂ ಅಲ್ಲಾಡುವುದಿಲ್ಲ. ಅವಳ ಬೆರಳಿಗೆ ಅದು ರೂಢಿಯಾಗಿತ್ತು. ಆರಿಸಿಟ್ಟ ನಂಬರು ಮನೆಯಲ್ಲಿ ಒಂದೇ ಇದ್ದದ್ದು, ಬೀರುವಿನಲ್ಲಿದ್ದ ಅಮ್ಮನ ಫೋನು. ಕರೆಗಳನ್ನು ಅದಕ್ಕೆ ತಿರುಗಿಸಿದಳು.

“ಕಂಪನಿಯವರು ಮಾಡಿದ್ರೆ?” ಅತ್ತಿಗೆ ಮೆಲ್ಲಗೆ ಕೇಳಿದಳು.

“ಮಾಡಿ ಏನು ಹೇಳ್ತಾರೆ ಅತ್ತಿಗೆ? ಇದನ್ನೇ ತಾನೆ? ನಮ್ಮ ಕಣ್ಣೆದುರೇ ಕಾಣ್ತಿದೆಯಲ್ಲ.”

ಅತ್ತಿಗೆ ತಲೆಯಾಡಿಸಿದಳು. ಅವಳಿಗೂ ಸರಿ ಅನಿಸಿತು. ಅಲ್ಲಿದ್ದವರಿಗೆಲ್ಲ ಸರಿ ಅನಿಸಿತು.

ಆಮೇಲೆ ಚಿತ್ರ ಎರಡು ಮೂರು ಗಂಟೆ ಎಡವದೆ ಓಡಿತು. ಸಣ್ಣ ಪೈಪಿನ ಬಾಯಿಗೆ ಒಬ್ಬ ಇಂಜಿನಿಯರು ಕಪ್ಪು ವೈರಿನ ಸುರುಳಿ ತಂದ. ಒಂದು ಉದ್ದನೆಯ ಕೋಲಿಗೆ ವೈರನ್ನು ಕಟ್ಟಿ ಒಳಗೆ ತೂರಿಸತೊಡಗಿದರು. ಏನದು ಎಂದು ಮೂವರಿಗೂ ಗೊತ್ತಾಗಲಿಲ್ಲ.

“ದೀಪಕ್ಕಿರಬೇಕು,” ಎಂದಳು ಅಮ್ಮ. “ಕತ್ತಲಲ್ಲಿ ಎಷ್ಟು ದಿನ ಅಂತ ಇರ್ತಾರೆ? ಅವನಿಗೇ ಕೊಡ್ತಿದ್ದಾರೆ ಕೆಲ್ಸ. ಒಳಗಿದ್ರೂ ಬಿಡಲ್ಲ ನೋಡು, ದುಡಿಸ್ಕೋತಾರೆ.” ಹೇಳಿ ತಾನೇ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

ಅಷ್ಟರಲ್ಲಿ ಮೇಲಿನ ಮನೆಯ ಟೈಲರ್ ಆಂಟಿ ಬಾಗಿಲಲ್ಲಿ ಬಂದು ನಿಂತಳು. ಕುತ್ತಿಗೆಗೆ ಅಳತೆ ಟೇಪು ಹಾಗೇ ನೇತುಬಿದ್ದಿತ್ತು. ಒಂದು ಕೈಯಲ್ಲಿ ಅವಳ ಫೋನು. ಹಿಡಿದಿದ್ದ ರೀತಿ ನೋಡಿದರೆ ಅದು ಒಡೆದುಹೋದೀತು ಅನಿಸುವಂತಿತ್ತು.

“ಬಾರೇ, ಒಳಗೆ ಬಾ,” ಎಂದಳು ಅಮ್ಮ, ಪರದೆಯಿಂದ ಕಣ್ಣು ತೆಗೆಯದೆ. “ಇಲ್ಲಿ ನೋಡು, ಒಳಕ್ಕೆ ವೈರ್ ಹಾಕ್ತಿದ್ದಾರೆ. ಇನ್ನೇನು ಆಯ್ತು ಅನ್ನು.”

ಟೈಲರ್ ಆಂಟಿ ಪರದೆ ನೋಡಿದಳು. ಅಮ್ಮನ ಮುಖ ನೋಡಿದಳು. ಮತ್ತೆ ಪರದೆ ನೋಡಿದಳು. ಅವಳ ಬಾಯಿ ಒಂದು ಮಾತಿಗೆ ತೆರೆದು ಬೇರೆ ಮಾತಾಡಿತು.

“ಊಟ ಆಯ್ತಾ ಅಕ್ಕಾ?”

“ಆಯ್ತು. ಇವಳಿಗೆ ಬೈದು ತಿನ್ಸಿದೆ. ನಿಂತ್ಕೊಂಡೇ ಇದ್ದೀಯಲ್ಲ, ಕೂತ್ಕೊ.”

“ಇಲ್ಲ ಅಕ್ಕಾ. ಮಿಷನ್ ಮೇಲೆ ಬಟ್ಟೆ ಹಂಗೇ ಬಿಟ್ಟು ಬಂದೆ. ಆಮೇಲೆ ಬರ್ತೀನಿ.” ಅವಳು ಜೆರಾಕ್ಸ್ ಕಡೆ ತಿರುಗಿದಳು. “ನಿನ್ನ ಫೋನ್ ಹತ್ತಲೇ ಇಲ್ಲ ಕಣೇ.”

“ನೆಟ್ಟಿಗೆ ಹಾಕಿದ್ದೀನಿ ಆಂಟಿ. ಏನಿತ್ತು?”

“ಏನಿಲ್ಲ. ಸುಮ್ನೆ.”

ಅವಳು ಹೋದಳು. ಮೆಟ್ಟಿಲು ಹತ್ತಿದ ಸದ್ದು ಕೇಳಲಿಲ್ಲ. ಹೊಲಿಗೆ ಯಂತ್ರದ ಸದ್ದೂ ಬರಲಿಲ್ಲ. ಆದರೆ ಅದನ್ನೆಲ್ಲ ಗಮನಿಸುವಷ್ಟು ವ್ಯವಧಾನ ಕೆಳಗೆ ಯಾರಿಗೂ ಇರಲಿಲ್ಲ. ಪರದೆಯಲ್ಲಿ ವೈರಿನ ಈಚೆ ತುದಿಗೆ ಒಂದು ಪೆಟ್ಟಿಗೆ ಜೋಡಿಸುತ್ತಿದ್ದರು. ಪೆಟ್ಟಿಗೆಗೆ ಒಂದು ಧ್ವನಿವರ್ಧಕ, ಪಕ್ಕದಲ್ಲಿ ಒಂದು ಫೋನು. ಬೋಳುತಲೆಯ ಒಬ್ಬ ಅಧಿಕಾರಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಸುತ್ತ ಇದ್ದವರಿಗೆಲ್ಲ ಸುಮ್ಮನಿರಿ ಎಂದು ಕೈ ಮಾಡಿದ. ಕೊರೆಯುವ ಯಂತ್ರ ನಿಂತಿತು.

ಧ್ವನಿವರ್ಧಕ ಕರಕರ ಎಂದಿತು. ಆಮೇಲೆ ಒಂದು ದನಿ ಬಂತು.

“ಹಲೋ. ಹಲೋ ಸಾರ್. ಕೇಳಿಸ್ತಾ?”

ಅತ್ತಿಗೆ ಮಂಚದಿಂದ ಎದ್ದೇಬಿಟ್ಟಳು. ಅಮ್ಮ ಎರಡೂ ಕೈ ಮುಂದೆ ಚಾಚಿದಳು. ಆ ಕೈಗಳು ಪರದೆಗೆ ತಾಗಿ ನಿಂತವು. ಅದು ಅವನೇ. ನೆಗಡಿಯಾದಂತೆ ದಪ್ಪವಾಗಿತ್ತು ದನಿ, ಆದರೆ ಅವನೇ. ಒಳಗೆ ವೈರು ಸೇರಿಸಲು ಬರುವವನು ಅವನೊಬ್ಬನೇ. ಮೊದಲು ಮಾತಾಡಿದವನೂ ಅವನೇ.

“ಕೇಳಿಸ್ತು, ಕೇಳಿಸ್ತು,” ಅಧಿಕಾರಿ ಕೂಗಿ ಹೇಳಿದ. “ಶಭಾಷ್. ಎಲ್ಲರೂ ಹೆಂಗಿದ್ದೀರಿ?”

“ಇದ್ದೀವಿ ಸಾರ್. ನೀರು ಸ್ವಲ್ಪ ಒಸರ್ತಾ ಇದೆ, ನಿನ್ನೆಗಿಂತ ಜಾಸ್ತಿ. ಕಾಲು ಮುಳುಗೋ ಅಷ್ಟಿದೆ.”

“ಅದನ್ನ ನೋಡ್ತೀವಿ. ಈಗ ಒಬ್ಬೊಬ್ಬರೇ ಮನೆಗೆ ಮಾತಾಡಿ. ಈ ಫೋನನ್ನ ಇಲ್ಲೇ ಪೆಟ್ಟಿಗೆಗೆ ಹಿಡೀತೀನಿ. ಯಾರ ಮನೆಗೆ ಮೊದಲು?”

ಒಳಗೆ ಏನೋ ಗದ್ದಲ, ಒಂದಿಷ್ಟು ನಗು. “ನಮ್ಮನೇಗೇ ಮಾಡಿ ಸಾರ್. ಲೈನ್ ಟೆಸ್ಟ್ ಆದಂಗೂ ಆಗುತ್ತೆ.”

“ಬಂತು, ಬಂತು, ನಮ್ಮನೇಗೇ!” ಅಮ್ಮ ತಿರುಗಿ ಮಗಳ ತೋಳು ಹಿಡಿದಳು. “ಫೋನ್ ಕೈಲಿ ಹಿಡ್ಕೊ. ಮೊದಲು ನಂಗೆ ಕೊಡು, ಆಮೇಲೆ ಅವಳಿಗೆ.”

ಪರದೆಯಲ್ಲಿ ಅಧಿಕಾರಿ ಒಂದು ಹಾಳೆ ನೋಡಿ ನಂಬರು ಒತ್ತಿದ. ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದ. ಮೂವರೂ ಜೆರಾಕ್ಸ್ ಅಂಗೈಯಲ್ಲಿದ್ದ ಫೋನನ್ನೇ ನೋಡಿದರು. ಅದು ತಣ್ಣಗೆ ಕೂತಿತ್ತು. ಪರದೆಯ ಒಳಗಿಂದ ಒಬ್ಬ ಹೆಂಗಸಿನ ದನಿ ನಯವಾಗಿ ಹೇಳಿತು: ನೀವು ಕರೆ ಮಾಡಿರುವ ಚಂದಾದಾರರು ತಮ್ಮ ಫೋನನ್ನು ಸ್ವಿಚ್ ಆಫ್ ಮಾಡಿದ್ದಾರೆ.

“ಆಫ್ ಅಂತಿದೆಯಲ್ಲಪ್ಪ,” ಎಂದ ಅಧಿಕಾರಿ.

“ಛೇ, ಇಲ್ಲ ಸಾರ್. ಅದು ನಮ್ಮ ಜೆರಾಕ್ಸ್ ನಂಬರು. ಅವಳು ಆಫ್ ಮಾಡೋಳೇ ಅಲ್ಲ. ಇನ್ನೊಂದ್ಸಲ ಮಾಡಿ.”

“ಇಲ್ಲೇ ಇದ್ದೀವಿ ಕಣೋ!” ಅಮ್ಮ ಪರದೆಗೆ ಕೂಗಿದಳು. “ಲೋ, ಇಲ್ಲೇ ಇದ್ದೀವೋ!”

ಅಧಿಕಾರಿ ಮತ್ತೆ ಒತ್ತಿದ. ಮತ್ತೆ ಅದೇ ಹೆಂಗಸು.

ಜೆರಾಕ್ಸ್‌ಗೆ ಆಗ ಹೊಳೆಯಿತು. “ಅಮ್ಮನ ಫೋನು,” ಎಂದಳು. ಆಮೇಲೆ ಕೂಗಿದಳು. “ಅತ್ತಿಗೆ, ಬೀರೂಲಿ ಅಮ್ಮನ ಫೋನಿದೆ, ಆನ್ ಮಾಡಿ! ನಾನು ತಿರುಗಿಸಿಬಿಟ್ಟಿದ್ದೀನಿ. ಕರೆ ಅದಕ್ಕೇ ಬರುತ್ತೆ. ಓಡಿ!”

ಅತ್ತಿಗೆ ಓಡಿದಳು. ಒಳಕೋಣೆಯಲ್ಲಿ ಬೀರುವಿನ ಬಾಗಿಲು ಗೋಡೆಗೆ ಬಡಿಯಿತು.

“ಎರಡನೇ ನಂಬರ್ ಇದೆ, ಅಮ್ಮ ಅಂತ,” ಅಧಿಕಾರಿ ಹೇಳುತ್ತಿದ್ದ. ಒತ್ತಿದ. ಕಿವಿಗೊಟ್ಟ. ತಲೆಯಾಡಿಸಿದ. “ಇದೂ ಆಫ್.”

ಧ್ವನಿವರ್ಧಕ ಮತ್ತೆ ಕರಕರ ಎಂದಿತು. ಆಮೇಲೆ ಅಣ್ಣನ ದನಿ ಬಂತು, ಮೊದಲಿಗಿಂತ ಸಣ್ಣಗೆ.

“ಎರಡೂನಾ ಸಾರ್?”

“ಎರಡೂ.”

“ಕರೆಂಟ್ ಹೋಗಿರಬೇಕು,” ಎಂದ ಅವನು. “ಇಲ್ಲಾಂದ್ರೆ ಹಂಗೆ ಮಾಡಲ್ಲ ಅವರು.”

“ಬೇರೆಯವರೂ ಕಾಯ್ತಿದ್ದಾರಪ್ಪ. ನಿಮ್ಮದಕ್ಕೆ ಆಮೇಲೆ ಮಾಡ್ತೀನಿ.”

“ಸರಿ ಸಾರ್. ಆಮೇಲೆ ಮರೀಬೇಡಿ ಮತ್ತೆ—”

ಅಲ್ಲಿಗೆ ಚಿತ್ರ ನಿಂತಿತು. ಅಧಿಕಾರಿಯ ಬೋಳುತಲೆಯ ಮೇಲೆ ಬಿಳಿ ಚಕ್ರ ಸುತ್ತಿತು.

“ಏ, ಓಡ್ಸೇ! ಓಡ್ಸು!” ಅಮ್ಮ ಮೇಜು ಗುದ್ದಿದಳು.

ಗುಣಮಟ್ಟ ಇಳಿಸೋಣವೆಂದು ಜೆರಾಕ್ಸ್ ತುಂಬುಪರದೆಯಿಂದ ಹೊರಬಂದಳು. ಚಿತ್ರ ಕುಗ್ಗಿತು. ಬೆಳಗ್ಗೆಯಿಂದ ಮುಚ್ಚಿದ್ದ ಗೆರೆ, ಗುಂಡಿಗಳು ಕೆಳಗೆ ಕಾಣಿಸಿಕೊಂಡವು. ನೇರ ಎಂದು ಬರೆದಿದ್ದ ಕಡೆ ಕೆಂಪಾಗಿರಬೇಕಾದ ಚುಕ್ಕಿ ಬೂದಾಗಿತ್ತು. ಗೆರೆಯ ಮೇಲೆ ಅವರು ನೋಡುತ್ತಿದ್ದ ಜಾಗ ಎಲ್ಲೋ ಹಿಂದೆ ಇತ್ತು. ಅಲ್ಲಿಂದ ಬಲತುದಿಯ ತನಕ ಉದ್ದಕ್ಕೆ ಬಿದ್ದುಕೊಂಡಿದ್ದ ಖಾಲಿ ಗೆರೆ ಎರಡು ಗಂಟೆಗೂ ಮಿಕ್ಕಿದ್ದು. ಬಚ್ಚಲು, ಊಟ, ಕಿತ್ತುಹೋದ ವೈರು, ಅವಳು ಕಾದು ಕಾದು ತುಂಬಿಸಿಕೊಂಡ ಒಂದೊಂದು ಒಸರು, ಎಲ್ಲ ಅಲ್ಲಿತ್ತು. ಕಂಪನಿ ಯಾರಿಗಾಗಿಯೂ ಕಾದಿರಲಿಲ್ಲ.

ಚಿತ್ರದ ಕೆಳಗೆ ಪ್ರಸಾರದ ಹೆಸರು ಇರುತ್ತದೆ. ಬೆಳಗ್ಗೆ ಅದು ‘ರಕ್ಷಣಾ ಕಾರ್ಯ ನೇರಪ್ರಸಾರ’ ಎಂದಿತ್ತು. ಈಗ ಬೇರೆ ಇತ್ತು. ಅವಳು ಅದನ್ನು ಓದಿದಳು. ಅಂಗಡಿಯಲ್ಲಿ ಬೇರೆಯವರ ಅರ್ಜಿ ಓದುವಂತೆ, ಒಂದೊಂದೇ ಪದ. ಸುರಂಗಕ್ಕೆ ನೀರು ನುಗ್ಗಿ ಮತ್ತೆ ಕುಸಿತ. ಒಳಗಿದ್ದವರಲ್ಲಿ ಯಾರೂ ಉಳಿದಿಲ್ಲ: ಅಧಿಕಾರಿಗಳು. ಕಾರ್ಯಾಚರಣೆ ಸ್ಥಗಿತ.

ಅಮ್ಮನ ಕನ್ನಡಕ ಅವಳ ತಲೆಯ ಮೇಲಿತ್ತು. ಅಷ್ಟು ಸಣ್ಣ ಅಕ್ಷರ ಅವಳಿಗೆ ಕಾಣುತ್ತಿರಲಿಲ್ಲ.

“ಏನಾಯ್ತೇ? ಸರಿ ಆಯ್ತಾ?”

“ಇರಮ್ಮ,” ಎಂದಳು ಜೆರಾಕ್ಸ್. ಕೈ ತಾನಾಗಿಯೇ ಗುಂಡಿ ಒತ್ತಿ ಚಿತ್ರವನ್ನು ಮತ್ತೆ ಪರದೆಯ ತುಂಬ ಹಿಗ್ಗಿಸಿತು. ಅಕ್ಷರಗಳು ಮುಚ್ಚಿಹೋದವು. ಯಾಕೆ ಹಾಗೆ ಮಾಡಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಳು ಬರಲಿಲ್ಲ. ಅಣ್ಣ ‘ಎರಡೂನಾ’ ಎಂದು ಕೇಳಿದ್ದ. ನಿಜಕ್ಕೂ ಅವನು ಕೇಳಿದ ಹೊತ್ತಿಗೆ ಮನೆಯವರು ಬಹುಶಃ ನೆಲಕ್ಕೆ ಕೂತು ತಿನ್ನುತ್ತಿದ್ದರು. ಇಲ್ಲ, ತಿಂದು ಆಗಿತ್ತು. ನೆಟ್ ಬದಲಾಯಿಸಿ, ಕರೆ ತಿರುಗಿಸಿ, ಈಗ ಸರಿಹೋಯಿತು ಎಂದು ತಾನು ಉಸಿರು ಬಿಟ್ಟಿದ್ದಳಲ್ಲ, ಆಗ. ಲೆಕ್ಕ ಹಾಕಿದರೆ ಸಿಗುತ್ತಿತ್ತು. ಅವಳು ಹಾಕಲಿಲ್ಲ.

ಚಿತ್ರ ಓಡಿತು. ಅಣ್ಣನ ಮಾತು ಮುಗಿದುಹೋಗಿತ್ತು. ಬೇರೆ ಯಾರೋ ಒಬ್ಬ ತನ್ನ ಮನೆಗೆ ಮಾತಾಡುತ್ತಿದ್ದ. ಯಾರದೋ ಮಗು ಧ್ವನಿವರ್ಧಕದಲ್ಲಿ ಅಪ್ಪಾ ಅಪ್ಪಾ ಎನ್ನುತ್ತಿತ್ತು. ಸುತ್ತ ನಿಂತವರು ಕಣ್ಣೊರೆಸಿಕೊಳ್ಳುತ್ತಿದ್ದರು.

“ಪಾಪ, ಆ ಮಗು ನೋಡು,” ಎಂದಳು ಅಮ್ಮ. “ನಮ್ಮದೂ ಬರುತ್ತೆ. ಆಮೇಲೆ ಮಾಡ್ತೀನಿ ಅಂದ್ನಲ್ಲ ಅವನು.”

ಅತ್ತಿಗೆ ಎರಡೂ ಕೈಯಲ್ಲಿ ಅಮ್ಮನ ಫೋನು ಹಿಡಿದುಕೊಂಡು ಬಂದಳು. ಅದು ಇನ್ನೂ ಎಚ್ಚರಾಗುತ್ತಿತ್ತು. ಫೋನ್ ಕಂಪನಿಯ ಹೆಸರು ತೋರಿಸಿ, ಕಪ್ಪಾಗಿ, ಕೊನೆಗೆ ಬೆಳಗಿತು. ಅವಳ ಮುಖದ ಮೇಲೆ ಆ ಬೆಳಕು ಬಿತ್ತು. ಒಂದು ವಾರದಲ್ಲಿ ಆ ಮುಖದಲ್ಲಿ ಜೆರಾಕ್ಸ್ ಅಂಥ ಆಸೆಯನ್ನು ನೋಡಿರಲಿಲ್ಲ.

“ಅತ್ತಿಗೆ,” ಎಂದಳು. “ಅದನ್ನ ಇಲ್ಲಿ ಕೊಡಿ.”

“ಇಲ್ಲ, ನನ್ನ ಹತ್ರ ಇರ್ಲಿ.”

“ಕೊಡಿ ಅತ್ತಿಗೆ. ಒಂದು ನಿಮಿಷ.”

“ನೀನು ಮಾಡಿದ್ದೆಲ್ಲ ಸಾಕು,” ಅತ್ತಿಗೆ ಹೇಳಿದಳು. ಸಿಟ್ಟಿನಲ್ಲಲ್ಲ, ಸುಮ್ಮನೆ. ಫೋನನ್ನು ಎದೆಗೆ ಒತ್ತಿಕೊಂಡಳು.

ಅದು ಅಲ್ಲೇ ರಿಂಗಾಯಿತು.

“ಬಂತು!” ಎಂದು ಅಮ್ಮ ಏಳಲು ಹೋಗಿ ಮಂಡಿ ಕೈಕೊಟ್ಟು ಮತ್ತೆ ಕುರ್ಚಿಗೇ ಬಿದ್ದಳು. “ಎತ್ತೇ, ಎತ್ತು, ಕಟ್ಟಾಗೋದು! ನೀನೇ ಮಾತಾಡು ಮೊದಲು!”

ಜೆರಾಕ್ಸ್ ಕೈ ಚಾಚಿದಳು. ಅಷ್ಟರಲ್ಲಿ ಅತ್ತಿಗೆ ಫೋನನ್ನು ಕಿವಿಗೆ ಹಚ್ಚಿಯಾಗಿತ್ತು. ಆ ಕಡೆಯವರಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

“ರೀ, ನಾನೇ. ಕೇಳಿಸ್ತಾ? ಕರೆಂಟ್ ಹೋಗಿರಲಿಲ್ಲ ರೀ, ಇವಳು ನೆಟ್ಟಿಗೆ ಅಂತ ಏನೋ ಮಾಡಿದ್ಲು. ನಾವು ನೋಡ್ತಾನೇ ಇದ್ವಿ. ನಿಮ್ಮ ದನಿ ಕೇಳಿದ್ವಿ. ನೆಗಡಿ ಆಗಿದೆಯಾ? ಕಾಲು ನೀರಲ್ಲಿ ಇಡಬೇಡಿ, ಎತ್ತರದಲ್ಲಿ ಎಲ್ಲಾದ್ರೂ ಕೂತ್ಕೊಳ್ಳಿ. ಕೇಳಿ, ಅವತ್ತು ನಾನು ಬಾಗಿಲಿಗೆ ಬರಲಿಲ್ಲ ಅಲ್ವಾ, ಕಿಟಕೀಲಿ ನಿಂತಿದ್ದೆ ರೀ. ನೀವು ತಿರುವಲ್ಲಿ ಬ್ಯಾಗು ಈ ಹೆಗಲಿಂದ ಆ ಹೆಗಲಿಗೆ ಹಾಕ್ಕೊಂಡ್ರಿ, ಅಲ್ಲಿ ತನಕ ನೋಡ್ದೆ. ಬಂದ್ಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಏನಾದ್ರೂ ಹೇಳಿ ರೀ. ಯಾಕೆ ಸುಮ್ನಿದ್ದೀರಿ? ಬೇರೆಯವರೂ ಕಾಯ್ತಿದ್ದಾರೆ ಅಂತಾನಾ? ಇರ್ಲಿ ಬಿಡಿ, ನಾನೇ ಹೇಳ್ತೀನಿ, ನೀವು ಕೇಳಿ…”

“ನಂಗೂ ಒಂದು ಮಾತು ಉಳಿಸೇ,” ಎಂದಳು ಅಮ್ಮ, ಕಣ್ಣು ಒರೆಸಿಕೊಂಡು ನಗುತ್ತ.

ಅತ್ತಿಗೆ ಹೇಳುತ್ತಲೇ ಹೋದಳು. ಜೆರಾಕ್ಸ್ ಗೋಡೆಗೆ ಒರಗಿ ನಿಂತು ಆ ಕಡೆಯವನು, ಕಂಪನಿಯವನೋ ಚಿಕ್ಕಪ್ಪನೋ, ಯಾವಾಗ ಬಾಯಿ ತೆರೆಯುತ್ತಾನೆ ಎಂದು ಕಾದಳು. ಅವನು ಬಹಳ ಹೊತ್ತು ನಡುವೆ ಮಾತಾಡಲಿಲ್ಲ.